ಒಂದೇ ತರಹದವು ಇದ್ದಾಗ ಯಾಕೆ ಭಾಗಿಸಬೇಕು? ಕಳೆದರೆ ಆಗಲ್ವಾ?

ಕೂಡುಕಳೆ
ಪರೀಕ್ಷೆಗೆ ಕ್ರಮಯೋಜನೆ ಓದುತ್ತಿದ್ದೇನೆ. ಸೂತ್ರ ಬಾಯಿಗೆ ಬರುತ್ತದೆ, ತಲೆಗೆ ಹತ್ತುತ್ತಿಲ್ಲ.

ಲೆಕ್ಕ ಇದು. "ವಿಕಟಕವಿ" ಪದದ ಅಕ್ಷರಗಳನ್ನು ಎಷ್ಟು ಬೇರೆ ಬೇರೆ ರೀತಿಯಲ್ಲಿ ಸಾಲಾಗಿ ಜೋಡಿಸಬಹುದು? ಅಕ್ಷರ ಐದು. ಐದೂ ಬೇರೆಯಾಗಿದ್ದರೆ 5! (ಫ್ಯಾಕ್ಟೋರಿಯಲ್, 5 × 4 × 3 × 2 × 1), ಅಂದರೆ 120. ಇಲ್ಲಿ ವಿ ಎರಡು, ಕ ಎರಡು. ಅದಕ್ಕೆ 120 ÷ (2! × 2!) = 30. ಪುಸ್ತಕದಲ್ಲಿರುವ ದಾರಿ ಇದು.

ನನ್ನ ತಕರಾರು ಇಷ್ಟೇ. ಒಂದೇ ಜೋಡಣೆ ಹಲವು ಸಲ ಎಣಿಕೆಗೆ ಬಂದು ಲೆಕ್ಕ ಜಾಸ್ತಿಯಾಗಿದೆ. ಜಾಸ್ತಿಯಾದದ್ದನ್ನು ಕಳೆಯಬೇಕು ತಾನೇ? ಭಾಗಿಸುವುದು ಎಲ್ಲಿಂದ ಬಂತು?

ಇನ್ನೊಂದು. ಅದೇ ಪದದಿಂದ ಮೂರೇ ಅಕ್ಷರ ತೆಗೆದು ಜೋಡಿಸಿದರೆ ಎಷ್ಟು? ನಾನು 5 × 4 × 3 = 60 ಮಾಡಿ ಅದೇ 4ರಿಂದ ಭಾಗಿಸಿದೆ. 15 ಬಂತು. ಪುಸ್ತಕದ ಕೊನೆಯಲ್ಲಿ ಉತ್ತರ 18 ಎಂದಿದೆ. ಅಚ್ಚಿನ ತಪ್ಪಾ?

ಬೆರಳೆಣಿಕೆ
ಅಚ್ಚಿನ ತಪ್ಪಲ್ಲ. 18 ಸರಿಯಾಗಿದೆ.

ಒಂಟಿಸೊನ್ನೆ
ಪರೀಕ್ಷೆಯಲ್ಲಿ ಯಾಕೆ ಅಂತ ಯಾರೂ ಕೇಳುವುದಿಲ್ಲ. ಸೂತ್ರಕ್ಕೆ ಅಂಕಿ ಹಾಕಿ ಮುಂದೆ ಹೋಗಿ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಬೆರಳೆಣಿಕೆ
ಕೇಳುವುದಿಲ್ಲ, ನಿಜ. ಆದರೆ ಆ "ಯಾಕೆ" ಬಿಟ್ಟು ಹೋಗಿದ್ದಕ್ಕೇ ಎರಡನೇ ಲೆಕ್ಕದಲ್ಲಿ 15 ಬಂದಿದ್ದು.

ಹಳೇ ಮೇಷ್ಟ್ರು
ಚಿಕ್ಕ ಪದ ತೆಗೆದುಕೊಳ್ಳೋಣ. "ಕನಕ". ಎರಡು ಕ ಇವೆ. ಒಂದಕ್ಕೆ ಕ1, ಇನ್ನೊಂದಕ್ಕೆ ಕ2 ಎಂದು ಗುರುತು ಹಾಕಿ. ಈಗ ಮೂರೂ ಬೇರೆ ಬೇರೆ. ಜೋಡಣೆಗಳು ಆರು:

ಕ1 ನ ಕ2, ಕ2 ನ ಕ1
ಕ1 ಕ2 ನ, ಕ2 ಕ1 ನ
ನ ಕ1 ಕ2, ನ ಕ2 ಕ1

ಗುರುತು ಅಳಿಸಿ. ಮೊದಲ ಸಾಲಿನ ಎರಡೂ "ಕನಕ" ಆಗುತ್ತವೆ. ಎರಡನೇ ಸಾಲು "ಕಕನ". ಮೂರನೇದು "ನಕಕ". ಒಟ್ಟು ಮೂರು.

ಈಗ ನಿಮ್ಮ ಪ್ರಶ್ನೆ. ಕಳೆಯಬಾರದು ಎಂದು ಯಾರೂ ಹೇಳಿಲ್ಲ. 6ರಲ್ಲಿ 3 ಕಳೆದರೂ 3 ಬರುತ್ತದೆ. ಆದರೆ ಹೆಚ್ಚುವರಿ ಎಷ್ಟು ಅಂತ ನಿಮಗೆ ಮೊದಲೇ ಹೇಗೆ ಗೊತ್ತಾಗಬೇಕು? ವಿಕಟಕವಿಯಲ್ಲಿ ಕಳೆಯಬೇಕಾದದ್ದು 90. ಆ 90 ತಿಳಿಯಬೇಕಾದರೆ 30 ಗೊತ್ತಿರಬೇಕು. 30 ಗೊತ್ತಿದ್ದರೆ ಕಳೆಯುವ ಕೆಲಸವೇ ಇಲ್ಲ. ನಮಗೆ ಮುಂಚೆಯೇ ಗೊತ್ತಿರುವುದು ಒಂದೇ ಸಂಗತಿ: ಪ್ರತಿಯೊಂದು ಜೋಡಣೆಯೂ ಸರಿಯಾಗಿ ನಾಲ್ಕು ಸಲ ಬಂದಿದೆ. ಎರಡು ವಿ ಅದಲುಬದಲು, ಎರಡು ಕ ಅದಲುಬದಲು, 2 × 2. ಕುರಿಮಂದೆಯ ಕಾಲುಗಳನ್ನು ಎಣಿಸಿ ನಾಲ್ಕರಿಂದ ಭಾಗಿಸಿದ ಹಾಗೆ.

ಆದರೆ ಮಂದೆಯಲ್ಲಿ ಕೋಳಿಗಳೂ ಸೇರಿಕೊಂಡರೆ ಆ ಭಾಗಾಕಾರ ಕೈಕೊಡುತ್ತದೆ. ನಿಮ್ಮ ಎರಡನೇ ಲೆಕ್ಕದಲ್ಲಿ ಆಗಿರುವುದು ಅದೇ.

ಕೂಡುಕಳೆ
ಮೇಷ್ಟ್ರೇ, ಮೊದಲನೇದು ಈಗ ಸರಿಹೋಯಿತು. ಎಲ್ಲವೂ ಸಮನಾಗಿ ನಾಲ್ಕು ನಾಲ್ಕು ಸಲ ಬಂದಿವೆ, ಅದಕ್ಕೆ ಭಾಗಿಸುತ್ತೇವೆ. ಎರಡನೇದರಲ್ಲಿ ಕೋಳಿ ಯಾರು?

ಬೆರಳೆಣಿಕೆ
ನಾನು ಹೇಳುತ್ತೇನೆ. ಗುರುತು ಹಾಕಿದ ಐದು ಅಕ್ಷರಗಳಿಂದ ಮೂರು ತೆಗೆದರೆ 60 ಜೋಡಣೆ. ಅವುಗಳ ಗುರುತು ಅಳಿಸುತ್ತಾ ಹೋಗಿ.

"ವಿಕಟ" ಎಷ್ಟು ಸಲ ಬಂದಿದೆ? ಎರಡು ವಿಯಲ್ಲಿ ಒಂದು, ಎರಡು ಕನಲ್ಲಿ ಒಂದು. 4 ಸಲ. ಇಂಥವು, ಅಂದರೆ ಮೂರೂ ಬೇರೆಯಾಗಿರುವವು, 6.

"ವಿವಿಕ" ಎಷ್ಟು ಸಲ? ವಿಗಳು ಅದಲುಬದಲಾದರೆ 2, ಕ ಯಾವುದು ಎಂಬುದಕ್ಕೆ 2. ಇದೂ 4 ಸಲ. ಇದರ ರೂಪಗಳು 3. "ಕಕವಿ"ಯದೂ ಹೀಗೇ 3.

"ವಿವಿಟ" ಎಷ್ಟು ಸಲ? ವಿಗಳು ಅದಲುಬದಲಾಗಬಹುದು, ಟ ಇರುವುದು ಒಂದೇ. ಬರೀ 2 ಸಲ. ಇದರ ರೂಪಗಳು 3, "ಕಕಟ"ದ್ದು 3.

ಕೂಡಿ ನೋಡಿ. ನಾಲ್ಕು ಸಲ ಬಂದವು 6 + 3 + 3 = 12. ಎರಡು ಸಲ ಬಂದವು 6. 12 × 4 + 6 × 2 = 60, ಲೆಕ್ಕ ಚುಕ್ತಾ. ಒಟ್ಟು ಜೋಡಣೆ 18. ನೀವು ಎಲ್ಲಕ್ಕೂ 4 ಎಂದುಕೊಂಡಿರಿ, ಆ ಆರು ಅರ್ಧಕ್ಕರ್ಧ ಮುಳುಗಿ ಮೂರಾದವು. ಅದಕ್ಕೇ 15.

ಕೂಡುಕಳೆ
ಓಹ್. ವಿವಿಟ, ಕಕಟ ಕೋಳಿಗಳು. ಹಾಗಾದರೆ ಇಂಥ ಲೆಕ್ಕಕ್ಕೆ ಒಂದೇ ಏಟಿನ ಸೂತ್ರ ಇಲ್ವಾ?

ಹಳೇ ಮೇಷ್ಟ್ರು
ಕೈಯಲ್ಲಿ ಮಾಡುವಾಗ ಬಗೆ ಬಗೆಯಾಗಿ ಒಡೆದುಕೊಳ್ಳುವುದೇ ದಾರಿ. ಮೂರೂ ಬೇರೆ: 3! = 6. ಒಂದು ಜೋಡಿ ಮತ್ತು ಒಂದು ಬೇರೆ: ಜೋಡಿ ಯಾವುದು ಎಂಬುದಕ್ಕೆ 2, ಬೇರೆ ಯಾವುದು ಎಂಬುದಕ್ಕೆ 2, ಜೋಡಿಸಲು 3!/2! = 3. ಒಟ್ಟು 12. ಆರು, ಹನ್ನೆರಡು, ಹದಿನೆಂಟು. ಪರೀಕ್ಷೆಯಲ್ಲಿ ಇದಕ್ಕಿಂತ ದೊಡ್ಡದು ಕೊಡುವುದು ಅಪರೂಪ.

ಗೋಲಿಗಡಿಗೆ
ಒಂದೇ ಏಟಿನದ್ದೂ ಇದೆ ಮೇಷ್ಟ್ರೇ. ಪ್ರತಿ ಅಕ್ಷರಕ್ಕೂ ಒಂದು ಬಹುಪದ ಬರೆಯಿರಿ. ಎರಡು ಇರುವ ಅಕ್ಷರಕ್ಕೆ (1 + ಯ + ಯ²/2!), ಒಂದೇ ಇರುವುದಕ್ಕೆ (1 + ಯ). ವಿ, ಕ, ಟ ಮೂರನ್ನೂ ಗುಣಿಸಿ. ಯ³ದ ಮುಂದೆ 3 ಬರುತ್ತದೆ. ಅದನ್ನು 3!ರಿಂದ ಗುಣಿಸಿದರೆ 18. ನಾಲ್ಕಕ್ಷರದ್ದು ಬೇಕಾದರೆ ಯ⁴ದ ಮುಂದಿರುವ 5/4 ಅನ್ನು 4!ರಿಂದ ಗುಣಿಸಿ, 30. ಒಂದೇ ಗುಣಾಕಾರದಲ್ಲಿ ಎಲ್ಲ ಉದ್ದಕ್ಕೂ ಉತ್ತರ ಸಿಗುತ್ತದೆ: 3, 8, 18, 30, 30.

ಮೌನಿ
ಬಗೆ ಒಡೆಯುವುದು ಎರಡೇ ಸಾಲು. ಇದು ಸೊಳ್ಳೆಗೆ ಫಿರಂಗಿ.

ಗೋಲಿಗಡಿಗೆ
ಮೂವತ್ತು ಅಕ್ಷರದಿಂದ ಹನ್ನೆರಡು ತೆಗೆಯುವ ಲೆಕ್ಕ ಬಂದಾಗ ನನ್ನ ಫಿರಂಗಿ ಕೇಳಿಕೊಂಡು ಬರುತ್ತೀರಿ, ಬನ್ನಿ.

ಒಂಟಿಸೊನ್ನೆ
ಒಂದು ನಿಮಿಷ. ನಾಲ್ಕಕ್ಷರಕ್ಕೆ ನಿಮ್ಮ ಉತ್ತರ 30. ನಾನು ಕೂಡುಕಳೆಯವರ ದಾರಿಯಲ್ಲೇ ಹೋದೆ: 5 × 4 × 3 × 2 = 120, ಭಾಗಿಸು 4, ಅದೂ 30. ಹಾಗಾದರೆ ಭಾಗಿಸುವುದು ತಪ್ಪು ಹೇಗೆ? ಮೂರಕ್ಕೆ ಸುಳ್ಳು, ನಾಲ್ಕಕ್ಕೆ ನಿಜ, ಇದೆಂಥ ನ್ಯಾಯ?

ಬೆರಳೆಣಿಕೆ
ನ್ಯಾಯವಾಗಿಯೇ ಇದೆ. ನಾಲ್ಕು ಅಕ್ಷರ ಜೋಡಿಸಿದ ಮೇಲೆ ಉಳಿಯುವುದು ಒಂದೇ. ಅದು ಯಾವುದೆಂದು ಜೋಡಣೆ ನೋಡಿದರೇ ಗೊತ್ತಾಗುತ್ತದೆ. ಅದನ್ನು ಕೊನೆಗೆ ಅಂಟಿಸಿ, ಐದಕ್ಷರದ ಜೋಡಣೆ ಸಿಕ್ಕಿತು. ಐದಕ್ಷರದ್ದರ ಕೊನೆ ಕತ್ತರಿಸಿ, ನಾಲ್ಕರದ್ದು ಸಿಕ್ಕಿತು. ಒಂದಕ್ಕೊಂದು ಜೋಡಿ. ಹಾಗಾಗಿ ಅಲ್ಲಿ ಪ್ರತಿಯೊಂದೂ ನಾಲ್ಕೇ ಸಲ ಬರುತ್ತದೆ. "ವಿವಿಕಟ" ತೆಗೆದುಕೊಳ್ಳಿ: ವಿಗೆ 2, ಕಗೆ 2. "ವಿವಿಕಕ": 2, 2. ಕೋಳಿಗೆ ಅಲ್ಲಿ ಜಾಗವೇ ಇಲ್ಲ. ಮೂರರಲ್ಲಿ ಎರಡು ಅಕ್ಷರ ಹೊರಗೆ ಉಳಿಯುತ್ತವೆ. ಆ ಎರಡೂ ಒಂದೇ ತರಹದವಾಗಿರಬಹುದು, ಬೇರೆಯೂ ಆಗಿರಬಹುದು. ಅಲ್ಲೇ ಏರುಪೇರು.

ಒಂಟಿಸೊನ್ನೆ
ಹ್ಞೂಂ. ಹೊರಗುಳಿದವರ ಕಡೆಯಿಂದ ನೋಡುವುದು ಚೆನ್ನಾಗಿದೆ. ಆದರೂ ಪರೀಕ್ಷೆಗೆ ಸೂತ್ರವೇ ಸಾಕು ಎಂಬ ಮಾತು ವಾಪಸ್ ತೆಗೆದುಕೊಳ್ಳುವುದಿಲ್ಲ.

ಒತ್ತಕ್ಷರ
ಯಾರೂ ಎತ್ತದ ಪ್ರಶ್ನೆ ಒಂದಿದೆ. "ವಿ" ಒಂದು ವಸ್ತು ಎಂದು ಹೇಳಿದವರು ಯಾರು? ಅದು ವ್ + ಇ. ಬಿಡಿಸಿ ಬರೆದರೆ ವ್ ಇ ಕ್ ಅ ಟ್ ಅ ಕ್ ಅ ವ್ ಇ. ಹತ್ತು ವಸ್ತು. ವ್ ಎರಡು, ಕ್ ಎರಡು, ಇ ಎರಡು, ಅ ಮೂರು, ಟ್ ಒಂದು. 10! ÷ (2 × 2 × 2 × 6) = 75,600. ಎಲ್ಲಿ 30, ಎಲ್ಲಿ 75,600!

ಮೌನಿ
ಅದರಲ್ಲಿ ಬಾಯಲ್ಲಿ ಹೇಳಲು ಆಗುವುದು ಎಷ್ಟು?

ಒತ್ತಕ್ಷರ
ವ್ಯಂಜನ, ಸ್ವರ, ವ್ಯಂಜನ, ಸ್ವರ ಎಂದು ಒಂದಾದ ಮೇಲೊಂದು ಬರಬೇಕು ಎಂದರೆ ವ್ಯಂಜನಗಳ ಐದು ಜಾಗಕ್ಕೆ 5!/(2!2!) = 30, ಸ್ವರಗಳ ಐದು ಜಾಗಕ್ಕೆ 5!/(3!2!) = 10. ಒಟ್ಟು 300. ಉದಾಹರಣೆಗೆ "ವಕಿಟಕವಿ". ಅರ್ಥ ಕೇಳಬೇಡಿ. ಒತ್ತಕ್ಷರಕ್ಕೂ ಅವಕಾಶ ಕೊಟ್ಟರೆ ಸಂಖ್ಯೆ ಇನ್ನೂ ಏರುತ್ತದೆ. ಅದನ್ನು ನಿಮಗೇ ಬಿಟ್ಟಿದ್ದೇನೆ.

ಹಳೇ ಮೇಷ್ಟ್ರು
ತಮಾಷೆಯಾಗಿ ಹೇಳಿದರೂ ಮಾತು ಸರಿ. ಯಾವುದನ್ನು ಒಂದು ವಸ್ತು ಎನ್ನುತ್ತೀರಿ, ಯಾವ ಎರಡನ್ನು ಒಂದೇ ತರಹ ಎನ್ನುತ್ತೀರಿ, ಇದನ್ನು ಮೊದಲು ಗೊತ್ತು ಮಾಡಿಕೊಳ್ಳದೆ ಎಣಿಸಲು ಕೂತರೆ ಇಬ್ಬರಿಗೆ ಎರಡು ಉತ್ತರ, ಎರಡೂ ಸರಿ. ಪ್ರಶ್ನೆಪತ್ರಿಕೆ ಮಾಡುವವರು ಇದನ್ನು ಬಾಯಿ ಬಿಟ್ಟು ಹೇಳುವುದಿಲ್ಲ, ಅದು ಅವರ ಸೋಮಾರಿತನ.

ರಾತ್ರಿಪಾಳಿ
ಪ್ರೋಗ್ರಾಮ್ ಬರೆಯುವವರು ಇಲ್ಲಿ ಸರಿಯಾಗಿ ಸಿಕ್ಕಿಬೀಳುತ್ತಾರೆ. ಪೈಥಾನ್‌ನ ಇಟರ್‌ಟೂಲ್ಸ್‌ನಲ್ಲಿ ಪರ್ಮ್ಯುಟೇಶನ್ಸ್ ಎಂಬ ಸಿದ್ಧ ಸಾಧನ ಇದೆಯಲ್ಲ, ಅದು ವಸ್ತುವಿನ ಬೆಲೆ ನೋಡುವುದಿಲ್ಲ, ಜಾಗ ಮಾತ್ರ ನೋಡುತ್ತದೆ. ಅಂದರೆ ಮೇಷ್ಟ್ರು ಹಾಕಿದ ಕ1, ಕ2 ಗುರುತು ಅದರ ತಲೆಯಲ್ಲಿ ಅಳಿಸುವುದೇ ಇಲ್ಲ. ಮಿಸಿಸಿಪ್ಪಿ ನದಿಯ ಹೆಸರನ್ನು ಇಂಗ್ಲಿಷ್‌ನಲ್ಲಿ ಬರೆದರೆ 11 ಅಕ್ಷರ: ಐ ನಾಲ್ಕು, ಎಸ್ ನಾಲ್ಕು, ಪಿ ಎರಡು, ಎಂ ಒಂದು. ಬೇರೆ ಬೇರೆ ಜೋಡಣೆ 34,650 ಮಾತ್ರ. ಪೈಥಾನ್ ಕೊಡುವುದು 3,99,16,800. ಪ್ರತಿಯೊಂದನ್ನೂ 24 × 24 × 2 = 1,152 ಸಲ. ಎಲ್ಲವನ್ನೂ ನಕಲು ಇಟ್ಟುಕೊಳ್ಳದ ಸೆಟ್‌ಗೆ ಸುರಿದರೆ ಉತ್ತರ ಸರಿಯೇ ಬರುತ್ತದೆ, ಆದರೆ ಅಷ್ಟು ಹೊತ್ತು ಕಂಪ್ಯೂಟರ್ ಮಾಡುವುದು ದಂಡದ ಕೆಲಸ.

ಸಿ++ನ ನೆಕ್ಸ್ಟ್ ಪರ್ಮ್ಯುಟೇಶನ್ ಹಾಗಲ್ಲ. ಅದು ಈಗಿರುವ ಸಾಲಿನಿಂದ ನಿಘಂಟಿನ ಕ್ರಮದಲ್ಲಿ ಮುಂದಿನ ಸಾಲಿಗೆ ಹೋಗುತ್ತದೆ. ಒಂದೇ ತರಹದವನ್ನು ಅದಲುಬದಲು ಮಾಡಿದರೆ ಸಾಲು ಮುಂದಕ್ಕೆ ಹೋಗುವುದಿಲ್ಲ, ಹಾಗಾಗಿ ನಕಲು ಹುಟ್ಟುವುದೇ ಇಲ್ಲ. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿಕೊಂಡು ಶುರು ಮಾಡಿದರೆ ಸಾಕು.

ಒತ್ತಕ್ಷರ
ಕನ್ನಡದಲ್ಲಿ ಬರೆದುಕೊಳ್ಳಿ. ಮಿ, ಸಿ, ಸಿ, ಪ್ಪಿ. 4!/2! = 12. ಕಂಪ್ಯೂಟರ್ ಬೇಡ, ಬೆರಳು ಸಾಕು.

ರಾತ್ರಿಪಾಳಿ
😂 ಒಪ್ಪಿದೆ.

ಹಳೇ ಮೇಷ್ಟ್ರು
ಹಳೆಯ ಮಾತು ಒಂದು ಹೇಳಿಬಿಡುತ್ತೇನೆ. ಒಂದೇ ತರಹದವು ಇದ್ದಾಗಿನ ಈ ಭಾಗಾಕಾರ ಭಾಸ್ಕರಾಚಾರ್ಯರ "ಲೀಲಾವತಿ"ಯಲ್ಲೇ ಇದೆ. 1150ರ ಕೃತಿ. ಆ ಭಾಗದ ಹೆಸರು ಅಂಕಪಾಶ. ಅಲ್ಲಿನ ಒಂದು ಲೆಕ್ಕ: 2, 2, 1, 1 ಈ ಅಂಕಿಗಳಿಂದ ಎಷ್ಟು ಸಂಖ್ಯೆ ಆಗುತ್ತವೆ, ಅವೆಲ್ಲದರ ಮೊತ್ತ ಎಷ್ಟು? ಇನ್ನೊಂದು: 4, 8, 5, 5, 5.

ಮೊದಲನೇದಕ್ಕೆ 4!/(2!2!) = 6. ಮೊತ್ತಕ್ಕೆ ಆರನ್ನೂ ಬರೆದು ಕೂಡುವ ಅಗತ್ಯ ಇಲ್ಲ. ನಾಲ್ಕು ಅಂಕಿಗಳ ಮೊತ್ತ 6. ಆರು ಸಂಖ್ಯೆಗಳಲ್ಲಿ ಪ್ರತಿ ಸ್ಥಾನಕ್ಕೂ ಬರುವ ಅಂಕಿಗಳ ಮೊತ್ತ 6 × 6 ÷ 4 = 9. ಬಿಡಿ, ಹತ್ತು, ನೂರು, ಸಾವಿರ, ಎಲ್ಲ ಸ್ಥಾನದಲ್ಲೂ 9. ಉತ್ತರ 9,999.

ಎರಡನೇದು ನೀವೇ ಮಾಡಿ ನೋಡಿ.

ಕೂಡುಕಳೆ
5!/3! = 20 ಸಂಖ್ಯೆ. ಅಂಕಿಗಳ ಮೊತ್ತ 27. ಪ್ರತಿ ಸ್ಥಾನಕ್ಕೆ 20 × 27 ÷ 5 = 108. 108 × 11,111 = 11,99,988. ಸರಿನಾ ಮೇಷ್ಟ್ರೇ?

ಹಳೇ ಮೇಷ್ಟ್ರು
ಭಾಸ್ಕರರದ್ದೂ ಅದೇ ಉತ್ತರ.

ಮೌನಿ
ಮೊದಲನೇದನ್ನು ಕೂಡಿ ನೋಡಿದೆ. 1122, 1212, 1221, 2112, 2121, 2211. ನಿಜವಾಗಿಯೂ 9,999.

ಕುದುರೆನಡೆ
ಚದುರಂಗದವರ ಪಾಲಿನ ಉದಾಹರಣೆ ನನ್ನದು. ಹಿಂದಿನ ಸಾಲಿನ ಎಂಟು ಕಾಯಿ: ರಾಜ, ರಾಣಿ, ಎರಡು ಆನೆ, ಎರಡು ಕುದುರೆ, ಎರಡು ಒಂಟೆ. ಹೇಗೆ ಬೇಕಾದರೂ ಇಡಬಹುದಾದರೆ 8!/(2!2!2!) = 5,040. ಬಾಬಿ ಫಿಶರ್ 1996ರಲ್ಲಿ ಹೊರತಂದ ಆಟದಲ್ಲಿ ಎರಡು ಷರತ್ತು. ಒಂಟೆಗಳು ಬೇರೆ ಬೇರೆ ಬಣ್ಣದ ಮನೆಯಲ್ಲಿರಬೇಕು. ರಾಜ ಎರಡು ಆನೆಗಳ ನಡುವೆ ಇರಬೇಕು.

ಒಂಟೆಗಳಿಗೆ 4 × 4 = 16. ಉಳಿದ ಆರು ಮನೆಯಲ್ಲಿ ರಾಣಿಗೆ 6. ಉಳಿದ ಐದರಲ್ಲಿ ಕುದುರೆಗಳಿಗೆ 10. ಕೊನೆಗೆ ಮೂರು ಮನೆ, ಆನೆ ರಾಜ ಆನೆ, ಒಂದೇ ದಾರಿ. 16 × 6 × 10 = 960. ಆಟದ ಹೆಸರೇ ಚೆಸ್ 960.

ಕೂಡುಕಳೆ
ಕುದುರೆಗೆ 5 × 4 = 20 ಅಲ್ವಾ?

ಕುದುರೆನಡೆ
ಎರಡೂ ಕುದುರೆ ಒಂದೇ ಬಣ್ಣ, ಒಂದೇ ನಡೆ. ಅದಲುಬದಲು ಮಾಡಿದರೆ ಆಟ ಬದಲಾಗುವುದಿಲ್ಲ. 20ರ ಅರ್ಧ. ಒಂಟೆಗೆ ಅರ್ಧ ಮಾಡದಿದ್ದದ್ದು ಯಾಕೆ ಅಂದರೆ, ಕಪ್ಪು ಮನೆಯ ಒಂಟೆ, ಬಿಳಿ ಮನೆಯ ಒಂಟೆ ಎಂದು ಮೊದಲೇ ಬೇರೆ ಮಾಡಿ ಇಟ್ಟೆವು.

ಒಂಟಿಸೊನ್ನೆ
ಸರಿ, ಎಣಿಕೆ ಆಯಿತು. ಸಂಭವನೀಯತೆಗೆ ಬನ್ನಿ. ಒಂದೇ ತರಹದ ಎರಡು ನಾಣ್ಯ ಚಿಮ್ಮಿದರೆ ನೋಡುವವನಿಗೆ ಕಾಣುವುದು ಮೂರೇ: ಎರಡೂ ತಲೆ, ಎರಡೂ ಬಾಲ, ಒಂದು ತಲೆ ಒಂದು ಬಾಲ. ನಾಣ್ಯಗಳು ಒಂದೇ ತರಹ ಎಂದ ಮೇಲೆ ಪ್ರತಿಯೊಂದಕ್ಕೂ ಮೂರರಲ್ಲಿ ಒಂದು ಪಾಲು ಇರಬೇಕು. ಆದರೆ ಎಲ್ಲರೂ ಕಾಲು, ಕಾಲು, ಅರ್ಧ ಎನ್ನುತ್ತಾರೆ. ಇಲ್ಲಿ ಯಾಕೆ ಇದ್ದಕ್ಕಿದ್ದಂತೆ ನಾಣ್ಯಗಳಿಗೆ ಗುರುತು ಬಂತು?

ಗೋಲಿಗಡಿಗೆ
ನಿಮಗೆ ದೊಡ್ಡವರ ಜೊತೆ ಇದೆ, ಬೇಜಾರು ಬೇಡ. ಫ್ರಾನ್ಸಿನ ಡಾಲಂಬೇರ್ ಎಂಬ ದೊಡ್ಡ ಗಣಿತಜ್ಞ ನಾಣ್ಯದಲ್ಲೇ ಎಡವಿದ್ದು. ಎರಡು ಸಲ ಚಿಮ್ಮಿದರೆ ಒಮ್ಮೆಯಾದರೂ ತಲೆ ಬೀಳುವ ಸಂಭವ ಮುಕ್ಕಾಲು. ಅವನು 1754ರಲ್ಲಿ ವಿಶ್ವಕೋಶದಲ್ಲಿ ಬರೆದದ್ದು ಮೂರರಲ್ಲಿ ಎರಡು. ಮೊದಲ ಸಲವೇ ತಲೆ ಬಿದ್ದರೆ ಆಟ ಮುಗಿಯಿತು, ಹಾಗಾಗಿ ಒಟ್ಟು ಮೂರೇ ಬಗೆ ಎಂದು ಅವನ ವಾದ. ಬಗೆ ಮೂರು ಸರಿ, ಆದರೆ ಮೂರರ ತೂಕ ಸಮ ಅಲ್ಲ.

ನಿಮ್ಮ ನಾಣ್ಯಕ್ಕೂ ಅದೇ ಉತ್ತರ. ನಮ್ಮ ಕಣ್ಣಿಗೆ ಒಂದೇ ತರಹ ಕಂಡರೂ ಅವು ಎರಡು ನಾಣ್ಯ. ಒಂದಕ್ಕೆ ಬಣ್ಣ ಹಚ್ಚಿದ ಮಾತ್ರಕ್ಕೆ ಬೀಳುವ ರೀತಿ ಬದಲಾಗುವುದಿಲ್ಲ. "ಒಂದು ತಲೆ ಒಂದು ಬಾಲ" ಎರಡು ದಾರಿಯಲ್ಲಿ ಆಗುತ್ತದೆ, "ಎರಡೂ ತಲೆ" ಒಂದೇ ದಾರಿಯಲ್ಲಿ.

ಬೆರಳೆಣಿಕೆ
ಇದನ್ನು ವಿಕಟಕವಿಯಲ್ಲೇ ನೋಡಬಹುದು. ಐದು ಅಕ್ಷರ ಕಲಸಿ ಸಾಲಾಗಿ ಇಟ್ಟರೆ ಎರಡು ಕ ಅಕ್ಕಪಕ್ಕ ಬರುವ ಸಂಭವ ಎಷ್ಟು? ಗುರುತು ಇಲ್ಲದೆ 12/30. ಗುರುತು ಹಾಕಿ 48/120. ಎರಡೂ ಐದರಲ್ಲಿ ಎರಡು. ಯಾಕೆಂದರೆ 30ರಲ್ಲಿ ಪ್ರತಿಯೊಂದಕ್ಕೂ ನಾಲ್ಕೇ ನಕಲು.

ಈಗ ಮೂರು ಅಕ್ಷರ ತೆಗೆಯಿರಿ. ಮೂರೂ ಬೇರೆ ಬರುವ ಸಂಭವ? 18ರಲ್ಲಿ 6 ಎಂದು ಮೂರನೇ ಒಂದು ಬರೆದರೆ ಕೆಟ್ಟಿರಿ. ಗುರುತು ಹಾಕಿ ನೋಡಿದರೆ 60ರಲ್ಲಿ 24, ಅಂದರೆ ಐದರಲ್ಲಿ ಎರಡು. ಸರಿಯಾದದ್ದು ಇದು. ಆ 18 ಸಮ ತೂಕದವಲ್ಲ, ಅವುಗಳಲ್ಲಿ ಆರು ಕೋಳಿ ಇವೆ.

ಹಾಗಾಗಿ ಎಣಿಕೆ ಕೇಳಿದರೆ ಗುರುತು ಅಳಿಸಿ. ಸಂಭವ ಕೇಳಿದರೆ ಗುರುತು ಇಟ್ಟುಕೊಂಡೇ ಲೆಕ್ಕ ಮಾಡಿ. ಯಾವಾಗಲೂ ಕಾಪಾಡುತ್ತದೆ.

ರಾತ್ರಿಪಾಳಿ
"ಯಾವಾಗಲೂ" ಅನ್ನಬೇಡಿ. ಬೆಳಕಿನ ಕಣಗಳಿಗೆ ಅದು ನಡೆಯುವುದಿಲ್ಲ. ಎರಡು ಫೋಟಾನ್, ಎರಡು ಸ್ಥಿತಿ. ನಾಣ್ಯದ ಲೆಕ್ಕದಲ್ಲಿ 4 ಬಗೆ. ಸತ್ಯೇಂದ್ರನಾಥ ಬೋಸ್ 1924ರಲ್ಲಿ ಐನ್‌ಸ್ಟೈನ್‌ಗೆ ಕಳಿಸಿದ ಲೇಖನದಲ್ಲಿ ಬಂದ ಹೊಸ ಎಣಿಕೆಯ ಪ್ರಕಾರ 3 ಬಗೆ, ಮೂರಕ್ಕೂ ಸಮ ತೂಕ. ಪ್ಲಾಂಕ್‌ನ ವಿಕಿರಣ ನಿಯಮ (ಬಿಸಿಯಾದ ವಸ್ತು ಯಾವ ಬೆಳಕು ಎಷ್ಟು ಸೂಸುತ್ತದೆ ಎಂಬ ಲೆಕ್ಕ) ಹೊರಬರುವುದು ಆ ಎಣಿಕೆಯಿಂದಲೇ. ಅಲ್ಲಿ "ಯಾವ ಫೋಟಾನ್" ಎಂಬ ಪ್ರಶ್ನೆಗೇ ಅರ್ಥ ಇಲ್ಲ. ಬಣ್ಣ ಹಚ್ಚುವುದಕ್ಕೂ ಆಗುವುದಿಲ್ಲ.

ಒಂಟಿಸೊನ್ನೆ
ನೋಡಿ! ನಾನು ಹೇಳಿದ ಮೂರು ಕೊನೆಗೂ ಎಲ್ಲೋ ಒಂದು ಕಡೆ ಸರಿಯಾಯಿತು.

ಗೋಲಿಗಡಿಗೆ
ನಾಣ್ಯ ಬಿಟ್ಟು ಫೋಟಾನ್ ಚಿಮ್ಮಿ ಹಾಗಾದರೆ.

ಕೂಡುಕಳೆ
ಇನ್ನೊಂದು ಕೇಳಲಾ? ಒಂದೇ ತರಹದ 10 ಚೆಂಡುಗಳನ್ನು 4 ಬೇರೆ ಬೇರೆ ಡಬ್ಬಿಗೆ ಹಾಕಬೇಕು. ಖಾಲಿ ಡಬ್ಬಿ ಇದ್ದರೂ ಪರವಾಗಿಲ್ಲ. ಚೆಂಡುಗಳು ಬೇರೆ ಬೇರೆಯಾಗಿದ್ದರೆ 4ರ 10ನೇ ಘಾತ, 10,48,576. ಒಂದೇ ತರಹ ಎಂದ ಮೇಲೆ 10!ರಿಂದ ಭಾಗಿಸಲು ಹೋದೆ. 10! ಅಂದರೆ 36,28,800. ಭಾಗಿಸುವ ಸಂಖ್ಯೆಯೇ ದೊಡ್ಡದು!

ಮೌನಿ
ಸುಮಾರು 0.29 ದಾರಿ. ಅಂದರೆ ಒಂದು ದಾರಿಯೂ ಪೂರ್ತಿ ಇಲ್ಲ. ಚೆಂಡು ಹೊರಗೇ ಇರಲಿ ಬಿಡಿ.

ಹಳೇ ಮೇಷ್ಟ್ರು
ಮತ್ತೆ ನಕಲು ಸಮ ಇಲ್ಲದ ಲೆಕ್ಕ. ಹತ್ತೂ ಚೆಂಡು ಒಂದೇ ಡಬ್ಬಿಯಲ್ಲಿದ್ದರೆ ಗುರುತು ಹಾಕಿದರೂ ಅದು ಒಂದೇ ಸಲ ಬರುತ್ತದೆ. 9 ಮತ್ತು 1 ಆದರೆ 10 ಸಲ.

ದಾರಿ ಬೇರೆ. ಚೆಂಡುಗಳನ್ನು ಸಾಲಾಗಿ ಇಟ್ಟು ನಡುವೆ ಮೂರು ಕಡ್ಡಿ ನಿಲ್ಲಿಸಿ. ಮೊದಲ ಕಡ್ಡಿಯ ತನಕ ಮೊದಲ ಡಬ್ಬಿ, ಅಲ್ಲಿಂದ ಎರಡನೇ ಕಡ್ಡಿಯ ತನಕ ಎರಡನೇದು, ಹೀಗೆ. ಎರಡು ಕಡ್ಡಿ ಅಂಟಿಕೊಂಡಿದ್ದರೆ ನಡುವಿನ ಡಬ್ಬಿ ಖಾಲಿ. ಈಗ ಇದು 10 ಚೆಂಡು, 3 ಕಡ್ಡಿಗಳ ಸಾಲು. ನೀವು ಕೇಳಿದ ಮೊದಲ ಲೆಕ್ಕವೇ ವೇಷ ಹಾಕಿಕೊಂಡು ಬಂದಿದೆ: 13!/(10! × 3!) = 286.

ಗೋಲಿಗಡಿಗೆ
ಡಬ್ಬಿಗಳೂ ಒಂದೇ ತರಹ ಆದರೆ ಕಡ್ಡಿಯೂ ಕೈಕೊಡುತ್ತದೆ. ಆಗ ಕೇಳಬೇಕಾದದ್ದು 10ನ್ನು ಹೆಚ್ಚೆಂದರೆ ನಾಲ್ಕು ಭಾಗವಾಗಿ ಎಷ್ಟು ರೀತಿ ಒಡೆಯಬಹುದು ಎಂದು. ಒಂದು ಭಾಗ 1, ಎರಡು ಭಾಗ 5, ಮೂರು ಭಾಗ 8, ನಾಲ್ಕು ಭಾಗ 9. ಒಟ್ಟು 23. ಇದಕ್ಕೆ ಫ್ಯಾಕ್ಟೋರಿಯಲ್ ತರಹದ ಸುಲಭ ಸೂತ್ರ ಇಲ್ಲ. ಭಾಗಗಳಿಗೆ ಮಿತಿ ಇಲ್ಲದೆ 100ನ್ನು ಒಡೆಯುವ ರೀತಿಗಳು 19,05,69,292. ರಾಮಾನುಜನ್ ಮತ್ತು ಹಾರ್ಡಿ 1918ರಲ್ಲಿ ಕೊಟ್ಟ ಸೂತ್ರ ಇಂಥದ್ದಕ್ಕೇ. ಅವರು ಹೋಲಿಸಿ ನೋಡಲು ಗಣಿತಜ್ಞ ಮ್ಯಾಕ್‌ಮಹಾನ್ 200ರ ತನಕ ಕೈಯಲ್ಲೇ ಲೆಕ್ಕ ಹಾಕಿ ಪಟ್ಟಿ ಮಾಡಿಕೊಟ್ಟರು.

ಬೆರಳೆಣಿಕೆ
ಭಾಗಾಕಾರ ಕೈಕೊಡುವ ಇನ್ನೊಂದು ಜಾಗ: ವೃತ್ತ. ಎರಡು ಕೆಂಪು ಮಣಿ, ಎರಡು ಬಿಳಿ ಮಣಿ. ಸಾಲಾಗಿ 6. ದುಂಡಗೆ ಇಟ್ಟರೆ ತಿರುಗಿಸಿದ್ದೆಲ್ಲ ಒಂದೇ ಎಂದು 4ರಿಂದ ಭಾಗಿಸಿ. ಒಂದೂವರೆ!

ಕೂಡುಕಳೆ
ಒಂದೂವರೆ ಜೋಡಣೆ ಅಂದರೆ ಏನು 😂 ಬಿಡಿಸಿ ನೋಡಿದರೆ ಎರಡೇ ಕಾಣುತ್ತದೆ. ಕೆಂಪು ಎರಡೂ ಅಕ್ಕಪಕ್ಕ, ಇಲ್ಲವೇ ಎದುರುಬದುರು.

ಬೆರಳೆಣಿಕೆ
ಹೌದು, 2 ಸರಿ. ಅಕ್ಕಪಕ್ಕದ್ದನ್ನು ತಿರುಗಿಸುತ್ತಾ ಹೋದರೆ ನಾಲ್ಕು ಬೇರೆ ಸಾಲು ಸಿಗುತ್ತವೆ. ಎದುರುಬದುರಿನದ್ದು ಅರ್ಧ ಸುತ್ತಿಗೇ ತನ್ನ ಮೊದಲ ರೂಪಕ್ಕೆ ಬರುತ್ತದೆ, ಅದರಿಂದ ಸಿಗುವುದು ಎರಡೇ. 4 + 2 = 6. ಮತ್ತದೇ ಕಥೆ, ನಾಲ್ಕು ಕಾಲು, ಎರಡು ಕಾಲು.

ಗೋಲಿಗಡಿಗೆ
ಇದಕ್ಕೆ ಬರ್ನ್‌ಸೈಡ್ ಲೆಮ್ಮಾ ಎಂಬ ಪ್ರಮೇಯ ಇದೆ. ಪ್ರತಿ ತಿರುವಿಗೂ ಎಷ್ಟು ಸಾಲು ಬದಲಾಗದೆ ಉಳಿಯುತ್ತವೆ ಎಂದು ನೋಡಿ, ಸರಾಸರಿ ತೆಗೆಯಿರಿ. ತಿರುಗಿಸದೆ ಬಿಟ್ಟರೆ 6. ಕಾಲು ಸುತ್ತಿಗೆ 0. ಅರ್ಧ ಸುತ್ತಿಗೆ 2. ಮುಕ್ಕಾಲಿಗೆ 0. ಮೊತ್ತ 8, ಭಾಗಿಸು 4, ಉತ್ತರ 2. ಹೆಸರು ಬರ್ನ್‌ಸೈಡ್‌ದು, ಆದರೆ ಅವನೇ ತನ್ನ 1897ರ ಪುಸ್ತಕದಲ್ಲಿ ಅದನ್ನು ಫ್ರೊಬೇನಿಯಸ್‌ನದೆಂದು ಬರೆದಿದ್ದ. ಕೋಶಿ ಎಂಬ ಗಣಿತಜ್ಞನಿಗೆ ಅದಕ್ಕೂ ಮುಂಚೆಯೇ ಗೊತ್ತಿತ್ತು.

ಒಂಟಿಸೊನ್ನೆ
ಅಂತೂ ಭಾಗಾಕಾರ ಬಿಡಲಿಲ್ಲ ನೀವು.

ಗೋಲಿಗಡಿಗೆ
ಸಮ ಇಲ್ಲದ್ದನ್ನು ಮೊದಲು ಸಮ ಮಾಡಿಕೊಂಡು ಆಮೇಲೆ ಭಾಗಿಸಿದೆವು. ವ್ಯತ್ಯಾಸ ಇದೆ ಗುರೂ.

ಕೂಡುಕಳೆ
ಹಳೆಯ ಪ್ರಶ್ನೆಪತ್ರಿಕೆಯಿಂದ ಕೊನೆಯದೊಂದು. ವಿಕಟಕವಿಯ ಜೋಡಣೆಗಳನ್ನೆಲ್ಲ ನಿಘಂಟಿನ ಕ್ರಮದಲ್ಲಿ ಬರೆದರೆ ವಿಕಟಕವಿ ಎಷ್ಟನೇದು? ಕ, ಟ, ವಿ ಎಂಬ ಕ್ರಮ. ನನ್ನ ಲೆಕ್ಕ ಹೀಗಿದೆ. ಕ ಮೊದಲಾಗಿರುವವು: ಉಳಿದ ಕ, ಟ, ವಿ, ವಿ ಜೋಡಿಸಲು 4!/2! = 12. ಟ ಮೊದಲಾಗಿರುವವು: 4!/(2!2!) = 6. ಅಲ್ಲಿಗೆ 18. ಇನ್ನು ವಿ ಮೊದಲಾಗಿ, ಆಮೇಲೆ ಕ. ಮೂರನೇ ಜಾಗದಲ್ಲಿ ಟಗಿಂತ ಮುಂಚೆ ಕ ಬರುವವು 2. ಒಟ್ಟು 20. ಹಾಗಾಗಿ ವಿಕಟಕವಿ 21ನೇದು.

ಬೆರಳೆಣಿಕೆ
21, ಸರಿ. ಇನ್ನೊಂದು ಮಾಡಿ: ಒಂದೇ ತರಹದ ಎರಡು ಅಕ್ಷರ ಎಲ್ಲೂ ಅಕ್ಕಪಕ್ಕ ಬರಬಾರದು. ವಿವಿ ಬೇಡ, ಕಕ ಬೇಡ.

ಕೂಡುಕಳೆ
ಕಕ ಒಟ್ಟಿಗೆ ಇರುವವು 12, ವಿವಿ ಒಟ್ಟಿಗೆ ಇರುವವು 12. ಎರಡೂ ಒಟ್ಟಿಗೆ ಇರುವವು 3! = 6. ಅವು ಎರಡು ಸಲ ಕಳೆದುಹೋಗುತ್ತವೆ, ಒಮ್ಮೆ ವಾಪಸ್ ಸೇರಿಸಬೇಕು. 30 − 12 − 12 + 6 = 12.

ಒಂಟಿಸೊನ್ನೆ
ಕಳೆಯುವ ಲೆಕ್ಕ ಬೇಕಿತ್ತಲ್ಲ, ಸಿಕ್ಕಿತು ನೋಡಿ.

ಮೌನಿ
ಟ ನಡುವೆ ಇರುವವು 4, ಟ ಉಳಿದ ನಾಲ್ಕು ಜಾಗಗಳಲ್ಲಿದ್ದರೆ ಒಂದೊಂದು ಜಾಗಕ್ಕೆ ಎರಡೆರಡು. ಬರೆದು ನೋಡಿದೆ, 12 ಸರಿ.

ಒತ್ತಕ್ಷರ
ಆ ನಾಲ್ಕರಲ್ಲಿ ತಿರುಗಿಸಿ ಓದಿದರೂ ಅದೇ ಬರುವವು ಎರಡು, ವಿಕಟಕವಿ ಮತ್ತು ಕವಿಟವಿಕ. ವ್, ಇ ಬಿಡಿಸಿ ಬರೆದರೆ ಎರಡೂ ಕೆಡುತ್ತವೆ.